ಜರ್ಮನಿಯ ಅಮೆರಿಕನ್ ಸೇನಾ ನೆಲೆಯಲ್ಲಿ ಮೋಟಾರ್‌ಹೋಮ್ ವಾಸ: ಅನುಮತಿಯಿಂದ ಮಾರಾಟದವರೆಗೆ

ಅಮೆರಿಕದ ಸೇನೆಯಲ್ಲಿರುವವರಿಗೆ ಜರ್ಮನಿಗೆ ವರ್ಗವಾದರೆ, ಸಂಸಾರ ಸಮೇತ ಹೋಗುವವರು ಸಾಮಾನ್ಯವಾಗಿ 36 ತಿಂಗಳು, ಒಂಟಿಯಾಗಿ ಹೋಗುವವರು 24 ತಿಂಗಳು ಅಲ್ಲಿರಬೇಕಾಗುತ್ತದೆ. ರಾಮ್‌ಸ್ಟೈನ್, ಕೈಸರ್ಸ್‌ಲೌಟರ್ನ್, ವೀಸ್‌ಬಾಡನ್, ಸ್ಟುಟ್‌ಗಾರ್ಟ್, ಗ್ರಾಫನ್‌ವೋರ್ ಮೊದಲಾದ ನೆಲೆಗಳ ಸುತ್ತ ಬಾಡಿಗೆ ಮನೆ ಹುಡುಕಿ, ಅಡುಗೆಮನೆಯ ಕಪಾಟು ಸಹ ಇಲ್ಲದ ಖಾಲಿ ಗೋಡೆಗಳ ಒಳಗೆ ಸಂಸಾರ ಹೂಡುವ ಬದಲು ಒಂದು ಮೋಟಾರ್‌ಹೋಮ್, ಅಂದರೆ ಒಳಗೆ ಮನೆಯಂತೆ ಸಜ್ಜಾದ ವಾಹನ, ಕೊಂಡು ಅದರಲ್ಲೇ ಇದ್ದುಬಿಟ್ಟರೆ ಹೇಗೆ ಎಂಬ ಯೋಚನೆ ಅನೇಕರಿಗೆ ಬರುತ್ತದೆ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಮನೆಯನ್ನೇ ಓಡಿಸಿಕೊಂಡು ಆಲ್ಪ್ಸ್ ಕಡೆಗೋ ಫ್ರಾನ್ಸಿನ ಆಲ್ಸಾಸ್ ಕಡೆಗೋ ಹೋಗಬಹುದು ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಸೇನೆಯ ಭತ್ಯೆ, ವಿಳಾಸ, ವಾಹನ ನೋಂದಣಿ, ತೆರಿಗೆ ವಿನಾಯಿತಿ ಇವೆಲ್ಲವೂ ನೆಲಕ್ಕೆ ಅಂಟಿಕೊಂಡ ಮನೆಯೊಂದು ಇದೆ ಎಂಬ ಲೆಕ್ಕದ ಮೇಲೆ ರೂಪುಗೊಂಡಿರುವುದರಿಂದ, ಈ ಬಗೆಯ ವಾಸದಲ್ಲಿ ಮಾಡುವ ಕೆಲಸಕ್ಕಿಂತ ಮಾಡುವ ಕ್ರಮವೇ ಹೆಚ್ಚು ಮುಖ್ಯವಾಗುತ್ತದೆ. ಮೊದಲು ಹಣದ ವಿಷಯದಲ್ಲಿ ಲಿಖಿತ ಉತ್ತರ, ಆಮೇಲೆ ಮೇಲಧಿಕಾರಿಯ ಅನುಮತಿ, ಆಮೇಲೆ ನಿಲ್ಲಿಸುವ ಜಾಗ, ಕೊನೆಗೆ ಗಾಡಿ. ಬಹುತೇಕರು ಇದನ್ನು ಹಿಂದುಮುಂದಾಗಿ ಮಾಡಿ, ಗಾಡಿ ಕೊಂಡ ಮೇಲೆ ಜಾಗ ಹುಡುಕುತ್ತ ಅಲೆಯುತ್ತಾರೆ.

ಮೊದಲ ಹೆಜ್ಜೆ: ಭತ್ಯೆಯ ಲೆಕ್ಕ

ಅಮೆರಿಕದೊಳಗೆ ಇರುವಾಗ ಸಿಗುವ ವಸತಿ ಭತ್ಯೆಗೂ, ವಿದೇಶದಲ್ಲಿ ಸಿಗುವ ಒಎಚ್‌ಎ ಎಂಬ ಭತ್ಯೆಗೂ ಇರುವ ವ್ಯತ್ಯಾಸವನ್ನು ಅರಿಯದೆ ಮುಂದೆ ಹೋಗಬಾರದು. ತಾಯ್ನಾಡಿನ ಬಿಎಎಚ್ ಭತ್ಯೆಯು ದರ್ಜೆ, ಊರು, ಅವಲಂಬಿತರು ಇದ್ದಾರೆಯೇ ಇಲ್ಲವೇ ಎಂಬುದನ್ನು ನೋಡಿ ನಿಗದಿಯಾಗುವ ಮೊತ್ತ. ನೀವು ಕೊಡುವ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಪೂರ್ತಿ ಮೊತ್ತ ಕೈಗೆ ಬರುತ್ತದೆ. ಆದ್ದರಿಂದಲೇ ಅಲ್ಲಿ ಕೆಲವು ಸೈನಿಕರು ಮೋಟಾರ್‌ಹೋಮ್‌ನಲ್ಲಿದ್ದು ಉಳಿದ ಹಣವನ್ನು ಕೂಡಿಡುತ್ತಾರೆ. ಜರ್ಮನಿಯಲ್ಲಿ ಆ ದಾರಿ ಮುಚ್ಚಿದೆ. ಒಎಚ್‌ಎ ನೀವು ನಿಜವಾಗಿ ಕೊಡುವ ಬಾಡಿಗೆಯನ್ನು ಮಾತ್ರ, ಅದೂ ಒಂದು ಗರಿಷ್ಠ ಮಿತಿಯವರೆಗೆ, ತುಂಬಿಕೊಡುತ್ತದೆ. ಅದರ ಜೊತೆಗೆ ವಿದ್ಯುತ್, ನೀರು, ನಿರ್ವಹಣೆಗೆಂದು ಒಂದು ಭತ್ಯೆ, ಹೊಸ ಮನೆಗೆ ಹೋಗುವಾಗಿನ ಖರ್ಚಿಗೆ ಇನ್ನೊಂದು ಭತ್ಯೆ ಇರುತ್ತವೆ. ತಿಂಗಳಿಗೆ 400 ಯೂರೋ ಕೊಟ್ಟು ಕ್ಯಾಂಪಿಂಗ್ ತಾಣದಲ್ಲಿ ನಿಂತರೆ ಬಾಡಿಗೆಯ ಬಾಬ್ತಿನಲ್ಲಿ 400 ಯೂರೋಕ್ಕಿಂತ ಹೆಚ್ಚು ಬರುವುದಿಲ್ಲ. ಹಣ ಉಳಿಸುವುದೊಂದೇ ಉದ್ದೇಶವಾಗಿದ್ದರೆ ಈ ಯೋಚನೆಯನ್ನು ಇಲ್ಲಿಗೇ ಕೈಬಿಡುವುದು ಒಳ್ಳೆಯದು ಎಂದು ನೇರವಾಗಿಯೇ ಹೇಳುತ್ತೇನೆ.

ಸ್ವಂತ ಮನೆ ಕೊಂಡವರಿಗೆ ಒಎಚ್‌ಎ ನಿಯಮದಲ್ಲಿ ಒಂದು ಸೂತ್ರವಿದೆ: ಕೊಂಡ ಬೆಲೆಯನ್ನು 120ರಿಂದ ಭಾಗಿಸಿದಾಗ ಬರುವ ಮೊತ್ತವನ್ನು ಮಾಸಿಕ ಬಾಡಿಗೆ ಎಂದು ಪರಿಗಣಿಸಲಾಗುತ್ತದೆ. 60,000 ಯೂರೋ ಬೆಲೆಗೆ ಈ ಸೂತ್ರ ಹಚ್ಚಿದರೆ ತಿಂಗಳಿಗೆ 500 ಯೂರೋ ಆಗುತ್ತದೆ. ನಿಮ್ಮ ಮೋಟಾರ್‌ಹೋಮ್ ಅನ್ನು ಈ ನಿಯಮದಡಿ ವಾಸದ ಮನೆ ಎಂದು ಒಪ್ಪುತ್ತಾರೆಯೇ, ನಿಲ್ಲಿಸುವ ಜಾಗದ ಬಾಡಿಗೆಯನ್ನು ಅದಕ್ಕೆ ಹೇಗೆ ಸೇರಿಸುತ್ತಾರೆ ಎಂಬುದನ್ನು ನೆಲೆಯ ವಸತಿ ಕಚೇರಿ ಮತ್ತು ಹಣಕಾಸು ಕಚೇರಿ ಎರಡರಿಂದಲೂ ಬರಹದಲ್ಲಿ ಪಡೆಯಬೇಕು. ಕೌಂಟರಿನಲ್ಲಿ ಕುಳಿತವರು ಬಾಯಿಮಾತಿನಲ್ಲಿ "ಆಗುತ್ತದೆ" ಅಂದದ್ದನ್ನು ನಂಬಿ ಮುಂಗಡ ಕೊಡಬೇಡಿ. ಒಂದು ವರ್ಷದ ನಂತರ ಲೆಕ್ಕ ಪರಿಶೋಧನೆಯಲ್ಲಿ ಬೇರೆ ಅಭಿಪ್ರಾಯ ಬಂದರೆ ಹೆಚ್ಚಿಗೆ ಬಂದ ಹಣವನ್ನು ಸಂಬಳದಿಂದ ಹಿಡಿದುಕೊಳ್ಳುತ್ತಾರೆ. ಒಎಚ್‌ಎ ಅರ್ಜಿಯಾದ ಡಿಡಿ ಫಾರ್ಮ್ 2367ಕ್ಕೆ ಜಾಗದ ಒಪ್ಪಂದ, ಖರೀದಿ ಪತ್ರ, ಈ ಲಿಖಿತ ಉತ್ತರ ಮೂರನ್ನೂ ಲಗತ್ತಿಸಿ, ಪ್ರತಿಗಳನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಅನುಮತಿ ಮತ್ತು ವಿಳಾಸ

ಮದುವೆಯಾಗದ ಕೆಳದರ್ಜೆಯ ಸೈನಿಕರು ಸಾಮಾನ್ಯವಾಗಿ ಬ್ಯಾರಕ್‌ನಲ್ಲೇ ಇರಬೇಕು. ಹೊರಗಿರಲು ಕಮಾಂಡರ್‌ನ ಒಪ್ಪಿಗೆ ಬೇಕು. ಉಳಿದವರು ಸಹ ತಮ್ಮ ಘಟಕಕ್ಕೆ ತಾವು ನಿಜವಾಗಿ ಮಲಗುವ ಜಾಗವನ್ನು ತಿಳಿಸಿರಬೇಕು, ಏಕೆಂದರೆ ರಾತ್ರಿ ತುರ್ತು ಕರೆ ಬಂದಾಗ ಎಷ್ಟು ಹೊತ್ತಿನಲ್ಲಿ ಹಾಜರಾಗಬೇಕು ಎಂಬ ಮಿತಿಯನ್ನು ಘಟಕವೇ ಹಾಕುತ್ತದೆ. ಅಂಚೆಯ ಚಿಂತೆ ಇಲ್ಲ. ನೆಲೆಯ ಅಂಚೆ ಕೋಣೆಯಲ್ಲಿ ನಿಮಗೊಂದು ಪೆಟ್ಟಿಗೆ ಇರುತ್ತದೆ, ಎಪಿಒ ಎಂಬ ಸೇನಾ ಅಂಚೆಯ ವಿಳಾಸಕ್ಕೆ ಅಮೆರಿಕದ ಅಂಚೆ ಬರುತ್ತದೆ. ಗಾಡಿ ಎಲ್ಲೇ ನಿಂತರೂ ಬ್ಯಾಂಕು, ವಿಮೆ, ಮತಪತ್ರಗಳು ಅಲ್ಲಿಗೇ ತಲುಪುತ್ತವೆ.

ಜರ್ಮನಿಯ ನಿವಾಸಿಗಳೆಲ್ಲರೂ ತಮ್ಮ ವಿಳಾಸವನ್ನು ನಗರಸಭೆಯಲ್ಲಿ ನೋಂದಾಯಿಸಬೇಕೆಂಬ ಕಾನೂನಿದೆ. ಒಂದು ದೇಶದ ಸೈನಿಕರು ಇನ್ನೊಂದು ದೇಶದಲ್ಲಿರುವಾಗಿನ ಸ್ಥಾನಮಾನದ ಬಗ್ಗೆ ನ್ಯಾಟೋ ದೇಶಗಳು 1951ರಲ್ಲಿ ಮಾಡಿಕೊಂಡ, ಸೋಫಾ ಎಂದು ಕರೆಯುವ ಒಪ್ಪಂದ ಮತ್ತು ಜರ್ಮನಿಗೆ ಸಂಬಂಧಿಸಿದ 1959ರ ಪೂರಕ ಒಪ್ಪಂದದ ಪ್ರಕಾರ ಸೈನಿಕರಿಗೂ ಅವರ ಅವಲಂಬಿತರಿಗೂ ಈ ನೋಂದಣಿಯಿಂದ ವಿನಾಯಿತಿ ಉಂಟು. ಹೋಟೆಲಿನಂಥ ತಂಗುದಾಣಗಳಲ್ಲಿ ಹೆಸರು ಬರೆಸುವುದಕ್ಕೆ ಮಾತ್ರ ಈ ವಿನಾಯಿತಿ ಅನ್ವಯಿಸದು. ಹಾಗಾಗಿ ಕ್ಯಾಂಪಿಂಗ್ ತಾಣದ ಕಚೇರಿಯಲ್ಲಿ ಚೀಟಿ ತುಂಬಲು ಹೇಳಿದರೆ ವಾದಕ್ಕಿಳಿಯದೆ ತುಂಬಿಕೊಡಿ. ಈ ವಿನಾಯಿತಿ ಮೋಟಾರ್‌ಹೋಮ್ ವಾಸಿಗಳಿಗೆ ನಿಜವಾದ ಉಪಕಾರ. ಸಾಮಾನ್ಯ ಜರ್ಮನ್ ಪ್ರಜೆ ಗಾಡಿಯಲ್ಲಿ ವಾಸಿಸಲು ಹೊರಟರೆ ಮೊದಲು ತಡೆಯಾಗುವುದು ಈ ವಿಳಾಸದ ನೋಂದಣಿಯೇ.

ಮೂರನೆಯ ಹೆಜ್ಜೆ: ಗಾಡಿಗಿಂತ ಮೊದಲು ಜಾಗ

ರಸ್ತೆಯ ಬದಿಯಲ್ಲಿ ಬೀಡುಬಿಡುವ ಮಾತೇ ಇಲ್ಲ. ವಾಹನ ಓಡಿಸಲು ಮೈ ಸುಧಾರಿಸಿಕೊಳ್ಳುವುದಕ್ಕೆಂದು ಸಾರ್ವಜನಿಕ ನಿಲುಗಡೆಯಲ್ಲಿ ಒಂದು ರಾತ್ರಿ ಮಲಗುವುದನ್ನು ಜರ್ಮನಿಯಲ್ಲಿ ಒಪ್ಪುತ್ತಾರೆ. ಮೇಜು ಕುರ್ಚಿ ಹೊರಗೆ ಹಾಕಿ ಕೂತರೆ ಅದು ಕ್ಯಾಂಪಿಂಗ್ ಆಗಿ, ದಂಡಕ್ಕೆ ದಾರಿಯಾಗುತ್ತದೆ. ಊರಿನವರು ನಡೆಸುವ ಷ್ಟೆಲ್‌ಪ್ಲಾಟ್ಸ್ ಎಂಬ ಮೋಟಾರ್‌ಹೋಮ್ ನಿಲುಗಡೆಗಳು ಅಗ್ಗ, ಚೊಕ್ಕಟ, ಕೊಳೆನೀರು ಚೆಲ್ಲಲು ಅನುಕೂಲ. ಆದರೆ ಬಹಳ ಕಡೆ ಎರಡು ಮೂರು ರಾತ್ರಿಗಳ ಮಿತಿ ಇರುವುದರಿಂದ ಅವು ಪ್ರವಾಸಕ್ಕೆ ಸರಿ, ವಾಸಕ್ಕೆ ಅಲ್ಲ. ವಾಸಕ್ಕೆ ಬೇಕಾದದ್ದು ಡೌಅರ್‌ಕ್ಯಾಂಪಿಂಗ್, ಅಂದರೆ ಕ್ಯಾಂಪಿಂಗ್ ತಾಣದಲ್ಲಿ ವರ್ಷಾವಧಿ ಬಾಡಿಗೆಯ ಜಾಗ. ಗಾರ್ಮಿಷ್‌ನ ಎಡೆಲ್‌ವೈಸ್ ವಿಹಾರಧಾಮದಂತೆ ಸೇನೆಯೇ ನಡೆಸುವ ಜಾಗಗಳಲ್ಲಿ ಮೋಟಾರ್‌ಹೋಮ್ ನಿಲ್ಲಿಸಬಹುದಾದರೂ ಅವು ರಜೆಯವರಿಗೆಂದು ಇರುವಂಥವು.

ಜಾಗ ಹುಡುಕಲು ಬಳಸಿಕೊಳ್ಳಬೇಕಾದ ಕಾಲವೆಂದರೆ ಜರ್ಮನಿಗೆ ಬಂದಿಳಿದ ಮೊದಲ ದಿನಗಳು. ತಾತ್ಕಾಲಿಕ ವಸತಿಗೆ ಟಿಎಲ್‌ಎ ಎಂಬ ಭತ್ಯೆ ಬಂದ ಹೊಸತರಲ್ಲಿ ಸಾಮಾನ್ಯವಾಗಿ 60 ದಿನಗಳವರೆಗೆ ಸಿಗುತ್ತದೆ. ಅಷ್ಟರೊಳಗೆ ವಾರಾಂತ್ಯಗಳಲ್ಲಿ ನೆಲೆಯ ಸುತ್ತಲಿನ ತಾಣಗಳನ್ನು ಕಣ್ಣಾರೆ ನೋಡಿ ಬನ್ನಿ. ಕೈಸರ್ಸ್‌ಲೌಟರ್ನ್ ಸುತ್ತ ಫಾಲ್ಟ್ಸ್ ಅರಣ್ಯದ ಅಂಚಿನಲ್ಲಿ ಇಂಥ ತಾಣಗಳಿವೆ. ಮಾಲೀಕರ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ಚಳಿಗಾಲದ್ದು. ನವೆಂಬರ್‌ನಿಂದ ಮಾರ್ಚ್‌ವರೆಗೆ ತೆರೆದಿರುತ್ತದೆಯೇ, ನೀರಿನ ನಲ್ಲಿಗಳನ್ನು ಹಿಮಕ್ಕೆ ಹೆದರಿ ಮುಚ್ಚುತ್ತಾರೆಯೇ, ಸ್ನಾನಗೃಹಕ್ಕೆ ಬಿಸಿ ಇರುತ್ತದೆಯೇ ಎಂದು ಕೇಳಿ. ಜರ್ಮನಿಯ ಕಟ್ಟಡ ಬಳಕೆಯ ನಿಯಮಗಳಲ್ಲಿ ಕ್ಯಾಂಪಿಂಗ್ ಪ್ರದೇಶಗಳು ವಿಶ್ರಾಂತಿ ಮತ್ತು ವಿಹಾರಕ್ಕೆಂದು ಮೀಸಲಾದ ವರ್ಗಕ್ಕೆ ಸೇರುತ್ತವೆ. ಹಾಗಾಗಿ ವರ್ಷಪೂರ್ತಿ ವಾಸಿಸುವಿರಿ ಎಂಬುದನ್ನು ಮುಚ್ಚಿಡದೆ ಹೇಳಿ, ಅದಕ್ಕೆ ಮಾಲೀಕರ ಒಪ್ಪಿಗೆಯನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಆ ಒಪ್ಪಂದವನ್ನು ಸಹಿಗೆ ಮೊದಲು ನೆಲೆಯ ಕಾನೂನು ನೆರವು ಕಚೇರಿಯಲ್ಲಿ ತೋರಿಸಿ. ಅಲ್ಲಿನ ಸಲಹೆ ಉಚಿತ.

ಎರಡನೆಯ ಪ್ರಶ್ನೆ ಗೇಟಿನದು, ಮತ್ತು ಸೈನಿಕರನ್ನು ಹೆಚ್ಚು ಕಾಡುವುದು ಇದೇ. ಜರ್ಮನಿಯ ಕ್ಯಾಂಪಿಂಗ್ ತಾಣಗಳಲ್ಲಿ ಮಧ್ಯಾಹ್ನ 1ರಿಂದ 3 ಗಂಟೆಯವರೆಗೆ, ರಾತ್ರಿ 10ರಿಂದ ಬೆಳಗ್ಗೆ 7 ಗಂಟೆಯವರೆಗೆ ಸದ್ದಿಲ್ಲದ ಹೊತ್ತು ಎಂದು ಅಡ್ಡಗಂಬ ಇಳಿಸಿಬಿಡುವುದು ವಾಡಿಕೆ. ಭೂಸೇನೆಯ ಬೆಳಗಿನ ಕವಾಯತು 6.30ಕ್ಕೆ ಶುರುವಾಗುತ್ತದೆ, ಅದಕ್ಕಾಗಿ ನೀವು 5.30ಕ್ಕೇ ಹೊರಡಬೇಕು. ಅಡ್ಡಗಂಬದ ಹೊರಗೆ ನಿಮ್ಮ ಸಣ್ಣ ಕಾರು ನಿಲ್ಲಿಸಲು ಒಂದು ಜಾಗವನ್ನು, ಅಥವಾ ಬೀಗದ ಕೈಯನ್ನು, ಒಪ್ಪಂದದಲ್ಲಿ ಸೇರಿಸಿಕೊಳ್ಳದಿದ್ದರೆ ಮೊದಲ ಸೋಮವಾರವೇ ಪಜೀತಿಯಾಗುತ್ತದೆ. ಸಣ್ಣ ಕಾರು ಎಂದೆ. ಅದು ಬೇಕೇ ಬೇಕು. ಪ್ರತಿದಿನ ಮನೆಯ ತಂತಿ ಕೊಳವೆಗಳನ್ನೆಲ್ಲ ಬಿಚ್ಚಿಕೊಂಡು ಕೆಲಸಕ್ಕೆ ಹೋಗುವುದು ಮೂರನೆಯ ದಿನಕ್ಕೇ ಸಾಕಾಗುತ್ತದೆ. ಮಕ್ಕಳಿದ್ದರೆ ಸೇನಾ ಶಾಲೆಯ ಬಸ್ಸು ಆ ಹಳ್ಳಿಗೆ ಬರುತ್ತದೆಯೇ ಎಂಬುದನ್ನೂ ಶಾಲೆಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಯೇ ಸಹಿ ಹಾಕಿ.

ನಾಲ್ಕನೆಯ ಹೆಜ್ಜೆ: ಗಾಡಿಯ ಆಯ್ಕೆ

ಅಮೆರಿಕದಲ್ಲಿ ಈಗಾಗಲೇ ಮೋಟಾರ್‌ಹೋಮ್ ಇದ್ದವರು ಅದನ್ನೇ ಹಡಗಿನಲ್ಲಿ ತರಿಸಲು ನೋಡುತ್ತಾರೆ. ಸರ್ಕಾರಿ ಖರ್ಚಿನಲ್ಲಿ ಒಂದು ವಾಹನ ಸಾಗಿಸಬಹುದು ನಿಜ, ಆದರೆ ಅದರ ಗಾತ್ರಕ್ಕೆ 20 ಮೆಷರ್‌ಮೆಂಟ್ ಟನ್, ಅಂದರೆ 800 ಘನ ಅಡಿಯ ಮಿತಿ ಇದೆ. ಮೀರಿದ ಪಾಲನ್ನು ಸೈನಿಕನೇ ಭರಿಸಬೇಕು. 7.5 ಮೀಟರ್ ಉದ್ದ, 2.3 ಮೀಟರ್ ಅಗಲ, 3.2 ಮೀಟರ್ ಎತ್ತರದ ಗಾಡಿಯ ಗಾತ್ರ ಸುಮಾರು 55 ಘನ ಮೀಟರ್, ಅಂದರೆ 1,950 ಘನ ಅಡಿಯ ಹತ್ತಿರ. ಮಿತಿಯ ಎರಡೂವರೆ ಪಟ್ಟಿಗೆ ಸ್ವಲ್ಪವೇ ಕಡಿಮೆ. 6 ಮೀಟರ್ ಉದ್ದದ ವ್ಯಾನ್ ಮಾದರಿಯ ಸಣ್ಣ ಗಾಡಿ ಸಹ ಈ ಮಿತಿಯೊಳಗೆ ಬರುವುದಿಲ್ಲ. ತಂದ ಮೇಲೂ ತೊಡಕು ತಪ್ಪದು: ಅದರ ವಿದ್ಯುತ್ ವ್ಯವಸ್ಥೆ 120 ವೋಲ್ಟ್, 60 ಹರ್ಟ್ಸ್, ಇಲ್ಲಿನದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆ, ಹರ್ಟ್ಸ್ ಅನ್ನು ಬದಲಿಸುವುದಿಲ್ಲ. ಆದ್ದರಿಂದ ಏಸಿ, ಮೈಕ್ರೋವೇವ್‌ನಂಥ ಸಾಧನಗಳು ಸರಿಯಾಗಿ ನಡೆಯದೆ ಬಿಸಿಯಾಗಬಹುದು. ಗ್ಯಾಸ್ ತುಂಬುವ ಬಾಯಿಯೂ ಹೊಂದುವುದಿಲ್ಲ. ಹಳ್ಳಿಗಳ ಕಿರಿದಾದ ರಸ್ತೆಗಳಲ್ಲಿ ಆ ಅಗಲದ ಗಾಡಿಯನ್ನು ತಿರುಗಿಸುವ ಕಷ್ಟ ಬೇರೆ. ಅದನ್ನು ಊರಲ್ಲೇ ಮಾರಿ, ಇಲ್ಲಿಯದನ್ನು ಇಲ್ಲೇ ಕೊಳ್ಳುವುದು ನನ್ನ ಸ್ಪಷ್ಟ ಸಲಹೆ. ಮನೆಯ ಪೀಠೋಪಕರಣಗಳನ್ನು ವಿದೇಶ ಸೇವೆಯ ಅವಧಿಯಲ್ಲಿ ಸರ್ಕಾರಿ ಖರ್ಚಿನ ಗೋದಾಮಿನಲ್ಲಿ ಇರಿಸಲು ಅವಕಾಶವಿದೆ. ಅದನ್ನು ವರ್ಗಾವಣೆಯ ಕಾಗದಪತ್ರ ಮಾಡುವಾಗಲೇ ಕೇಳಿಕೊಳ್ಳಬೇಕು.

ಇಲ್ಲಿ ಕೊಳ್ಳುವಾಗ ತೆರಿಗೆ ವಿನಾಯಿತಿಯ ಲಾಭ ದೊಡ್ಡದು. ಜರ್ಮನಿಯ ಮೌಲ್ಯವರ್ಧಿತ ತೆರಿಗೆ 19 ಶೇಕಡಾ. ತೆರಿಗೆ ಸೇರಿ 71,400 ಯೂರೋ ಬೆಲೆಯ ಹೊಸ ಗಾಡಿಯ ಮೂಲಬೆಲೆ 60,000 ಯೂರೋ. ಉಳಿದ 11,400 ಯೂರೋ ಉಳಿತಾಯ. ದೊಡ್ಡ ಮೊತ್ತದ ಖರೀದಿಗೆ ಬೇಕಾದ ಎನ್‌ಎಫ್-2 ನಮೂನೆಯನ್ನು ನೆಲೆಯ ತೆರಿಗೆ ವಿನಾಯಿತಿ ಕಚೇರಿಯಿಂದ ಹಣ ಕೊಡುವ ಮೊದಲೇ ಪಡೆಯಬೇಕು, ಖರೀದಿಯಾದ ನಂತರ ಹಿಂದಿನ ದಿನಾಂಕಕ್ಕೆ ಅದು ಸಿಗುವುದಿಲ್ಲ. ಮಾರಾಟಗಾರನು ಈ ನಮೂನೆಯನ್ನು ಒಪ್ಪಲೇಬೇಕೆಂಬ ಕಡ್ಡಾಯವಿಲ್ಲವಾದ್ದರಿಂದ, ನೆಲೆಗಳ ಸುತ್ತಮುತ್ತ ಅದರ ಪರಿಚಯವಿರುವ ಅಂಗಡಿಗಳಲ್ಲಿ ವ್ಯವಹರಿಸುವುದು ಸುಲಭ. ಖಾಸಗಿ ವ್ಯಕ್ತಿಯಿಂದ ಕೊಳ್ಳುವ ಹಳೆಯ ಗಾಡಿಯ ಬೆಲೆಯಲ್ಲಿ ಈ ತೆರಿಗೆಯೇ ಇರುವುದಿಲ್ಲವಾದ್ದರಿಂದ ವಿನಾಯಿತಿಯ ಪ್ರಶ್ನೆಯೂ ಬರುವುದಿಲ್ಲ. ಸೇವೆ ಮುಗಿಸಿ ಹೊರಟಿರುವ ಇನ್ನೊಬ್ಬ ಸೈನಿಕನ ಗಾಡಿ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ತೂಕದ ಬಗ್ಗೆ ಎಚ್ಚರ. ಯುರೋಪಿನ ಬಹುಪಾಲು ಮೋಟಾರ್‌ಹೋಮ್‌ಗಳ ಗರಿಷ್ಠ ತೂಕ 3,500 ಕಿಲೋ. ಕಾಗದದ ಮೇಲೆ 3,000 ಕಿಲೋ ತೂಗುವ ಗಾಡಿಯಲ್ಲಿ ಇನ್ನು 500 ಕಿಲೋ ಹೇರಬಹುದು ಎಂದು ತೋರುತ್ತದೆ. ಆಮೇಲೆ ಸೇರಿಸುತ್ತ ಹೋಗಿ: 100 ಲೀಟರ್ ನೀರು, ಜೊತೆಗಾರರು, ತುಂಬಿದ ಎರಡು ಗ್ಯಾಸ್ ಸಿಲಿಂಡರ್, ಬಿಸಿಲಿನ ಮೇಲ್ಛಾವಣಿ, ಎರಡು ಸೈಕಲ್, ಚಳಿಗಾಲದ ಬಟ್ಟೆ, ಸಮವಸ್ತ್ರ, ಬೂಟು, ಬೆನ್ನುಚೀಲ, ಕುಕ್ಕರು, ಅಕ್ಕಿ ಬೇಳೆ. ವಾಸಕ್ಕೆಂದು ತುಂಬಿದ ಗಾಡಿಯನ್ನು ಒಮ್ಮೆ ವೇಬ್ರಿಜ್‌ನಲ್ಲಿ ತೂಗಿಸಿ ನೋಡುವವರೆಗೆ ಪ್ರಯಾಣ ಹೊರಡಬೇಡಿ. 3,500 ಕಿಲೋ ಮೀರಿದ ಗಾಡಿ ಕೊಂಡರೆ ಊರ ಹೊರಗಿನ ರಸ್ತೆಯಲ್ಲಿ ಗಂಟೆಗೆ 80, ಔಟೋಬಾನ್‌ನಲ್ಲಿ 100 ಕಿಲೋಮೀಟರ್ ವೇಗಮಿತಿ. ಆಸ್ಟ್ರಿಯಾದಲ್ಲಿ ಅಂಥ ಗಾಡಿಗೆ, ಗಾಜಿಗೆ ಅಂಟಿಸುವ ಸುಂಕದ ಚೀಟಿಯ ಬದಲು ದೂರಕ್ಕೆ ತಕ್ಕಂತೆ ಸುಂಕ ಎಣಿಸುವ ಗೋ-ಬಾಕ್ಸ್ ಯಂತ್ರ ಇರಿಸಿಕೊಳ್ಳಬೇಕು.

ಐದನೆಯ ಹೆಜ್ಜೆ: ನೋಂದಣಿ, ಪರವಾನಗಿ, ವಿಮೆ

ಸೈನಿಕರ ಖಾಸಗಿ ವಾಹನಗಳು ಜರ್ಮನ್ ಸಾರಿಗೆ ಕಚೇರಿಯಲ್ಲಿ ಅಲ್ಲ, ಯುರೋಪಿನ ಅಮೆರಿಕನ್ ಸೇನೆಯ ವಾಹನ ನೋಂದಣಿ ಕಚೇರಿಯಲ್ಲಿ ದಾಖಲಾಗುತ್ತವೆ. ಖರೀದಿ ಪತ್ರ, ವಿಮಾ ದೃಢೀಕರಣ, ನೆಲೆಯ ತಪಾಸಣಾ ಕೇಂದ್ರದಲ್ಲಿ ಗಾಡಿ ಉತ್ತೀರ್ಣವಾದ ಕಾಗದ ಇವಿಷ್ಟು ಬೇಕು. ಚಾಲನಾ ಪರವಾನಗಿಗೆ ಜರ್ಮನ್ ರಸ್ತೆ ಚಿಹ್ನೆಗಳ ಬಗ್ಗೆ ಬರಹದ ಪರೀಕ್ಷೆ ಇರುತ್ತದೆ. ನಿಮ್ಮ ಗಾಡಿಯ ತೂಕಕ್ಕೆ ಆ ಪರವಾನಗಿ ಸಲ್ಲುತ್ತದೆಯೇ ಎಂದು ಅಲ್ಲೇ ಕೇಳಿಕೊಳ್ಳಿ.

ವಿಮೆಯವರಿಗೆ "ಇದು ರಜೆಯ ಗಾಡಿ" ಎಂದು ಹೇಳಿ ಕಡಿಮೆ ಕಂತು ಕಟ್ಟುವವರಿದ್ದಾರೆ. ವರ್ಷಪೂರ್ತಿ ವಾಸದ ಗಾಡಿಯಲ್ಲಿ ಬೆಂಕಿಯೋ ಕಳ್ಳತನವೋ ಆದಾಗ ಆ ಮಾತು ತಿರುಗಿ ನಿಮ್ಮನ್ನೇ ಹಿಡಿಯುತ್ತದೆ. ವಾಸಕ್ಕೆ ಬಳಸುವುದನ್ನೂ ಒಳಗಿನ ಸಾಮಾನುಗಳ ಮೌಲ್ಯವನ್ನೂ ತಿಳಿಸಿ, ಒಪ್ಪಿಗೆಯನ್ನು ಪತ್ರದಲ್ಲಿ ಪಡೆಯಿರಿ. ಪರಿಸರ ವಲಯವೆಂದು ಗುರುತಿಸಿದ ನಗರಗಳನ್ನು ಹೊಗಲು ಮುಂಗಾಜಿಗೆ ಹಸಿರು ಚೀಟಿ ಅಂಟಿಸಿರಬೇಕು; ಹಳೆಯ ಡೀಸೆಲ್ ಗಾಡಿ ಕೊಳ್ಳುವವರು, ವಿಶೇಷವಾಗಿ ಸ್ಟುಟ್‌ಗಾರ್ಟ್‌ಗೆ ವರ್ಗವಾದವರು, ಆ ಗಾಡಿಗೆ ನಗರದೊಳಗೆ ಪ್ರವೇಶವಿದೆಯೇ ಎಂಬುದನ್ನು ಮೊದಲೇ ನೋಡಬೇಕು. ಹಿಮದ ರಸ್ತೆಗೆ ಚಳಿಗಾಲದ ಟೈರುಗಳು ಕಡ್ಡಾಯ; 2024ರ ಅಕ್ಟೋಬರ್‌ನಿಂದ ಬೆಟ್ಟ ಮತ್ತು ಹಿಮಹರಳಿನ ಚಿಹ್ನೆ ಇರುವ ಟೈರುಗಳಿಗೆ ಮಾತ್ರ ಮಾನ್ಯತೆ.

ಆರನೆಯ ಹೆಜ್ಜೆ: ವಿದ್ಯುತ್, ಗ್ಯಾಸ್ ಮತ್ತು ಚಳಿ

ಬೇಸಿಗೆಯಲ್ಲಿ ಯಾವ ಗಾಡಿಯಲ್ಲಾದರೂ ಇರಬಹುದು. ಈ ವಾಸ ಸಾಧ್ಯವೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಮೂರು ತಿಂಗಳು.

ಕ್ಯಾಂಪಿಂಗ್ ತಾಣದ ನೀಲಿ ಬಣ್ಣದ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಎಷ್ಟು ಆಂಪಿಯರ್ ಸಿಗುತ್ತದೆ ಎಂಬುದನ್ನು ಮೊದಲು ತಿಳಿಯಿರಿ. 6 ಆಂಪಿಯರ್ ಇದ್ದರೆ 1,380 ವ್ಯಾಟ್, 10 ಇದ್ದರೆ 2,300, 16 ಇದ್ದರೆ 3,680 ವ್ಯಾಟ್. 2,000 ವ್ಯಾಟಿನ ಇಂಡಕ್ಷನ್ ಒಲೆಯನ್ನು 6 ಆಂಪಿಯರ್ ಜಾಗದಲ್ಲಿ ಹಚ್ಚಿದರೆ ಒಗ್ಗರಣೆಗೆ ಸಾಸಿವೆ ಸಿಡಿಯುವ ಮೊದಲೇ ಫ್ಯೂಸು ಹಾರುತ್ತದೆ, ಅದನ್ನು ಮತ್ತೆ ಎತ್ತಲು ಕಚೇರಿಯವರನ್ನು ಕರೆಯಬೇಕಾಗಿ ಬರುವುದೂ ಉಂಟು. ವಾಸಕ್ಕೆ 16 ಆಂಪಿಯರ್ ಜಾಗವನ್ನೇ ಕೇಳಿ, ಸ್ವಂತ ಮೀಟರ್ ಇರಲಿ.

ಗ್ಯಾಸಿನಲ್ಲಿ ಜರ್ಮನಿಯ ರೂಢಿಯ ಸಿಲಿಂಡರು 11 ಕಿಲೋದ್ದು. ಬೂದುಬಣ್ಣದ್ದು ನಿಮ್ಮ ಸ್ವಂತದ್ದು, ಖಾಲಿಯಾದಾಗ ಯಾವ ಅಂಗಡಿಯಲ್ಲಾದರೂ ಬದಲಿಸಿಕೊಳ್ಳಬಹುದು. ಕೆಂಪುಬಣ್ಣದ್ದು ಮಾರುವ ಕಂಪನಿಯದು, ಠೇವಣಿಯ ಮೇಲೆ ಕೊಡುವಂಥದ್ದು. ಬೂದುಬಣ್ಣದ್ದನ್ನೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಪ್ರೊಪೇನ್ ಮಾತ್ರ ಬಳಸಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಖರ್ಚಿನ ಅಂದಾಜು ಹೀಗೆ: 11 ಕಿಲೋ ಪ್ರೊಪೇನ್‌ನಲ್ಲಿ ಸುಮಾರು 140 ಯೂನಿಟ್‌ನಷ್ಟು ಶಾಖವಿದೆ; ಕೊರೆಯುವ ಚಳಿಯಲ್ಲಿ ಹೀಟರು ಸರಾಸರಿ 2 ಕಿಲೋವ್ಯಾಟ್ ತಿಂದರೆ ಒಂದು ಸಿಲಿಂಡರು 70 ಗಂಟೆ, ಅಂದರೆ ಮೂರು ದಿನಕ್ಕೆ ಮುಗಿಯುತ್ತದೆ. ಖಾಲಿಯಾಗುವುದು ಬಹುಮಟ್ಟಿಗೆ ನಡುರಾತ್ರಿಯ ನಂತರವೇ, ಚಳಿ ಹೆಚ್ಚಾದ ಹೊತ್ತಿನಲ್ಲೇ. ಎರಡು ಸಿಲಿಂಡರುಗಳ ನಡುವೆ ತಾನಾಗಿಯೇ ಬದಲಿಸಿಕೊಳ್ಳುವ ರೆಗ್ಯುಲೇಟರ್ ಹಾಕಿಸಿದರೆ ನಿದ್ದೆಗಣ್ಣಿನಲ್ಲಿ ಹಿಮದಲ್ಲಿ ನಿಂತು ಸ್ಪ್ಯಾನರ್ ತಿರುಗಿಸುವುದು ತಪ್ಪುತ್ತದೆ. ಜಿ 607 ಎಂಬ ಗ್ಯಾಸ್ ತಪಾಸಣೆಯನ್ನು ಎರಡು ವರ್ಷಕ್ಕೊಮ್ಮೆ ಮಾಡಿಸಿ ಪುಸ್ತಕದಲ್ಲಿ ಬರೆಸಬೇಕು. 2025ರ ಜೂನ್‌ನಿಂದ ಜರ್ಮನಿಯಲ್ಲಿ ಇದು ಕಡ್ಡಾಯವಾಗಿದೆ. ಗಾಡಿಗೆ ಸೇನೆಯ ನೋಂದಣಿ ಫಲಕವಿದೆಯೆಂದು ಇದನ್ನು ಬಿಡಬೇಡಿ. ರಬ್ಬರ್ ಕೊಳವೆ, ರೆಗ್ಯುಲೇಟರ್‌ಗಳನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕು. ದಿನಾಂಕ ಅವುಗಳ ಮೇಲೆಯೇ ಅಚ್ಚಾಗಿರುತ್ತದೆ.

ಅಡುಗೆಯ ಒಲೆ ಹಚ್ಚಿ ಮೈ ಕಾಯಿಸಿಕೊಳ್ಳುವುದು ಪ್ರಾಣಕ್ಕೆ ಅಪಾಯ. ಗ್ಯಾಸ್ ಪೂರ್ತಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ಪತ್ತೆಹಚ್ಚುವ ಅಲಾರ್ಮ್ ಮಲಗುವ ಜಾಗದ ಹತ್ತಿರ ಇರಲಿ, ಮತ್ತು ಗಾಳಿ ಕೊರೆಯುತ್ತದೆಂದು ಛಾವಣಿಯ ಅಥವಾ ನೆಲದ ಗಾಳಿಗಂಡಿಗಳಿಗೆ ಬಟ್ಟೆ ತುರುಕಬೇಡಿ.

ಚಳಿಗಿಂತಲೂ ಗಾಡಿಯನ್ನು ಹೆಚ್ಚು ಕೆಡಿಸುವುದು ತೇವ. ಇಬ್ಬರ ಉಸಿರು, ಸ್ನಾನ, ಕುಕ್ಕರಿನ ಹಬೆ, ಒಣಹಾಕಿದ ಸಮವಸ್ತ್ರ ಎಲ್ಲ ಸೇರಿ ದಿನಕ್ಕೆ ಹಲವು ಲೀಟರ್ ನೀರು ಆ ಪುಟ್ಟ ಜಾಗದ ಗಾಳಿಗೆ ಸೇರುತ್ತದೆ. ಬೆಳಗ್ಗೆ ಮುಂಗಾಜಿನ ಒಳಮೈಯಿಂದ ಹನಿ ಇಳಿದು ಡ್ಯಾಷ್‌ಬೋರ್ಡಿನ ಸಂದಿಗೆ ಸೇರುವುದು ಕಣ್ಣಿಗೆ ಕಾಣುತ್ತದೆ. ಹಾಸಿಗೆಯ ಅಡಿಭಾಗ ಒದ್ದೆಯಾಗಿ ಬೂಷ್ಟು ಹಿಡಿಯುವುದು ಮಾತ್ರ ಎತ್ತಿ ನೋಡಿದವರಿಗಷ್ಟೇ ತಿಳಿಯುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ ಛಾವಣಿಯ ಕಿಂಡಿಯನ್ನೂ ಒಂದು ಕಿಟಕಿಯನ್ನೂ ಐದು ನಿಮಿಷ ಪೂರ್ತಿ ತೆರೆದಿಟ್ಟು, ಹೀಟರನ್ನು ನಿಲ್ಲಿಸದೆ ನಡೆಸುವುದು ಸರಿಯಾದ ಉಪಾಯ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಓರೆಯಾಗಿ ಎತ್ತಿ ನಿಲ್ಲಿಸಿ. ಚಾಲಕನ ಕೋಣೆಯ ಗಾಜುಗಳಿಗೆ ಹೊರಗಿನಿಂದ ಹೊದಿಸುವ ದಪ್ಪನೆಯ ಹೊದಿಕೆ ಕೊಳ್ಳಿ. ಒಳಗಿನಿಂದ ಅಂಟಿಸುವ ತೆಳು ಹಾಳೆಗಳ ಹಿಂದೆ ನೀರು ಕೂರುತ್ತದೆ. ಅಡುಗೆಗೆ ಮುಚ್ಚಳ ಹಾಕಿ, ಕರಿಯುವುದನ್ನೂ ಮೆಣಸಿನಕಾಯಿ ಹುರಿಯುವುದನ್ನೂ ಗಾಡಿಯ ಹೊರಗೆ ಮಾಡಿ. ಒಮ್ಮೆ ಒಳಗೆ ಹುರಿದರೆ ಸಮವಸ್ತ್ರದ ಬಟ್ಟೆ ಆ ಘಾಟನ್ನು ವಾರವಿಡೀ ಬಿಡುವುದಿಲ್ಲ, ಮರುದಿನದ ಕವಾಯತಿನ ಸಾಲಿನಲ್ಲಿ ಅಕ್ಕಪಕ್ಕದವರು ವಿಚಾರಿಸದೆ ಇರುವುದಿಲ್ಲ.

ಕೊಳೆನೀರಿನ ತೊಟ್ಟಿ ಗಾಡಿಯ ಕೆಳಗೆ ತೆರೆದ ಗಾಳಿಯಲ್ಲಿದ್ದರೆ ಮೊದಲ ಹಿಮದಲ್ಲೇ ಕಟ್ಟಿಹೋಗುತ್ತದೆ. ತೊಟ್ಟಿಗೆ ಬಿಸಿಯ ವ್ಯವಸ್ಥೆ ಇರುವ, ಎರಡು ಪದರದ ನೆಲವುಳ್ಳ ಗಾಡಿಯನ್ನೇ ಆರಿಸಬೇಕು. ಕಡಿಮೆ ಬೆಲೆಯ ಗಾಡಿಯಲ್ಲಿ ಇದಿಲ್ಲದಿದ್ದರೆ ಚಳಿಗಾಲವಿಡೀ ಆ ತೊಟ್ಟಿಯ ಬಾಯಿ ತೆರೆದಿಟ್ಟು ಕೆಳಗೆ ಬಕೆಟ್ ಇಡುವುದೊಂದೇ ದಾರಿ. ಟ್ರೂಮಾ ಕಂಪನಿಯ ಹೀಟರ್ ಇರುವ ಗಾಡಿಗಳಲ್ಲಿ ಒಂದು ಸುರಕ್ಷಾ ಕವಾಟವಿರುತ್ತದೆ: ಅದರ ಸುತ್ತಲಿನ ಉಷ್ಣತೆ ಸುಮಾರು 3 ಡಿಗ್ರಿಗೆ ಇಳಿದರೆ ಅದು ತಾನೇ ತೆರೆದುಕೊಂಡು ಬಿಸಿನೀರಿನ ಹಂಡೆಯ ನೀರನ್ನೆಲ್ಲ ಹೊರಗೆ ಚೆಲ್ಲುತ್ತದೆ. ಹಂಡೆ ಒಡೆಯದಂತೆ ಕಾಯುವ ವ್ಯವಸ್ಥೆ ಅದು. ನೀರು ಸೋರಿತೆಂದು ಗಾಬರಿಬಿದ್ದು ಕವಾಟವನ್ನು ಬಟ್ಟೆ ಚಿಮಟಿಗೆಯಿಂದ ಬಂಧಿಸಬೇಡಿ.

ಏಳನೆಯ ಹೆಜ್ಜೆ: ನೀವು ಇಲ್ಲದಿರುವಾಗ

ಮನೆಗೆ ಬೀಗ ಹಾಕಿ ಹೋಗುವಂತೆ ಗಾಡಿಗೆ ಬೀಗ ಹಾಕಿ ಹೋಗಲಾಗದು. ಗ್ರಾಫನ್‌ವೋರ್, ಹೋಹನ್‌ಫೆಲ್ಸ್‌ನ ತರಬೇತಿ ಮೈದಾನಗಳಿಗೆ ವಾರಗಟ್ಟಲೆ ಹೋಗಬೇಕಾಗಿ ಬರಬಹುದು, ತಿಂಗಳುಗಟ್ಟಲೆ ಬೇರೆ ದೇಶಕ್ಕೆ ನಿಯೋಜನೆಯೂ ಆಗಬಹುದು. ಒಂಟಿಯಾಗಿರುವವರು ಹೊರಡುವ ಮುನ್ನ ನೀರಿನ ಎರಡೂ ತೊಟ್ಟಿ, ಹಂಡೆ, ಕೊಳವೆಗಳನ್ನು ಬರಿದು ಮಾಡಿ, ನಲ್ಲಿಗಳನ್ನು ತೆರೆದಿಟ್ಟು, ಸಿಲಿಂಡರಿನ ಕವಾಟ ಮುಚ್ಚಿ, ಕಪಾಟುಗಳ ಬಾಗಿಲು ತೆರೆದು, ಹಾಸಿಗೆ ಎತ್ತಿಟ್ಟು ಹೋಗಬೇಕು. ಬ್ಯಾಟರಿ ಚಾರ್ಜಿನಲ್ಲಿರಲಿ. ನಂಬಿಕೆಯ ಸಹೋದ್ಯೋಗಿಯೊಬ್ಬರಿಗೆ ಗಾಡಿಯ ಮಟ್ಟಿಗೆ ಸೀಮಿತವಾದ ಪವರ್ ಆಫ್ ಅಟಾರ್ನಿಯನ್ನು ಕಾನೂನು ಕಚೇರಿಯಲ್ಲಿ ಬರೆಸಿಕೊಡಿ. ಅದಿಲ್ಲದೆ ಅವರು ಗಾಡಿಯ ನೋಂದಣಿ ನವೀಕರಿಸಲಾರರು, ಬೇರೆಡೆಗೆ ಸ್ಥಳಾಂತರಿಸಲು ಹೋದರೂ ತಕರಾರು ಬರಬಹುದು. ಸಂಗಾತಿ ಗಾಡಿಯಲ್ಲೇ ಉಳಿಯುವುದಾದರೆ ಗ್ಯಾಸು ಬದಲಿಸುವುದು, ಶೌಚದ ಪೆಟ್ಟಿಗೆ ಖಾಲಿ ಮಾಡುವುದು, ಫ್ಯೂಸು ಹಾಕುವುದು ಇವನ್ನೆಲ್ಲ ನೀವಿರುವಾಗಲೇ ಅವರ ಕೈಯಲ್ಲಿ ಮಾಡಿಸಿ ಕಲಿಸಿರಬೇಕು. ತುರ್ತು ಸಂದರ್ಭಕ್ಕೆ ಆಂಬ್ಯುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110. ಜಾಗದ ಸಂಖ್ಯೆ ಸಮೇತ ಪೂರ್ತಿ ವಿಳಾಸವನ್ನು ಬಾಗಿಲಿನ ಒಳಗಡೆ ಜರ್ಮನ್‌ನಲ್ಲಿ ಬರೆದು ಅಂಟಿಸಿ.

ಊರಿನಿಂದ ಅಪ್ಪ ಅಮ್ಮ ಬಂದಾಗ

ಅಮೆರಿಕದಲ್ಲಿ ನೆಲೆಸಿ ಸೇನೆ ಸೇರಿದ ಕನ್ನಡಿಗರ ಮನೆಗಳಿಗೆ ಈ ಮಾತು. ಸೋಫಾ ಸೌಲಭ್ಯ ಸೈನಿಕನಿಗೆ ಮತ್ತು ಅವನ ಅವಲಂಬಿತರಿಗೆ ಸೇರಿದ್ದು; ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಭಾರತದ ಪಾಸ್‌ಪೋರ್ಟಿನಲ್ಲಿ ನೋಡಿಹೋಗಲು ಬರುವ ತಂದೆತಾಯಿಗೆ ಷೆಂಗೆನ್ ವೀಸಾ ಬೇಕೇ ಬೇಕು, 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ವೀಸಾ ಅರ್ಜಿಯಲ್ಲಿ ಎಲ್ಲಿ ಉಳಿಯುತ್ತಾರೆಂಬ ಪ್ರಶ್ನೆಗೆ ಕ್ಯಾಂಪಿಂಗ್ ತಾಣದ ಹೆಸರು ಬರೆಯುವುದಕ್ಕಿಂತ ಹತ್ತಿರದ ಹಳ್ಳಿಯ ವಸತಿಗೃಹದಲ್ಲಿ ಕೋಣೆ ಕಾದಿರಿಸಿ ಅದರ ರಸೀದಿ ಲಗತ್ತಿಸುವುದು ಮೇಲು. ಹೇಗಿದ್ದರೂ ಏಣಿ ಹತ್ತಿ ಚಾಲಕನ ತಲೆಯ ಮೇಲಿನ ಅಟ್ಟದಲ್ಲಿ ಮಲಗುವುದು ಅರವತ್ತು ದಾಟಿದವರಿಗೆ ಆಗುವ ಕೆಲಸವಲ್ಲ. ಪ್ರಯಾಣದಲ್ಲಿ ಸೀಟುಬೆಲ್ಟು ಇರುವಷ್ಟೇ ಜನ ಕೂರಬಹುದು. ನಾಲ್ಕು ಹಾಸಿಗೆ ಇದ್ದರೂ ಎರಡೇ ಬೆಲ್ಟು ಇರುವ ಗಾಡಿಗಳಿವೆ ಎಂಬುದನ್ನು ಕೊಳ್ಳುವಾಗಲೇ ನೋಡಿಕೊಳ್ಳಿ.

ಕೊನೆಯ ಹೆಜ್ಜೆ: ಹೊರಡುವಾಗ

ಯುರೋಪಿನಲ್ಲಿ ಕೊಂಡ ಮೋಟಾರ್‌ಹೋಮ್ ಅನ್ನು ಅಮೆರಿಕಕ್ಕೆ ಒಯ್ಯುವ ಆಸೆ ಇಟ್ಟುಕೊಳ್ಳಬೇಡಿ. ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ತಯಾರಾಗದ ವಾಹನ 25 ವರ್ಷ ಹಳೆಯದಾಗುವವರೆಗೆ ಅಲ್ಲಿ ಸಾಮಾನ್ಯವಾಗಿ ನೋಂದಣಿಗೆ ಬರುವುದಿಲ್ಲ. ಆದ್ದರಿಂದ ಕೊಳ್ಳುವ ದಿನವೇ ಮಾರುವ ದಿನದ ಲೆಕ್ಕವಿರಬೇಕು. ಇನ್ನೊಬ್ಬ ಸೈನಿಕನಿಗೆ ಮಾರುವುದು ಸುಲಭ: ನೋಂದಣಿ ಕಚೇರಿಯಲ್ಲಿ ಹೆಸರು ಬದಲಾಯಿಸಿದರೆ ಮುಗಿಯಿತು. ಜರ್ಮನ್ ಪ್ರಜೆಗೆ ಮಾರುವುದಾದರೆ, ತೆರಿಗೆಯಿಲ್ಲದೆ ಕೊಂಡ ಗಾಡಿಯಾದ್ದರಿಂದ ಮೊದಲು ಸೇನೆಯ ಕಸ್ಟಮ್ಸ್ ಕಚೇರಿಯ ಅನುಮತಿ, ನಂತರ ಜರ್ಮನ್ ಕಸ್ಟಮ್ಸ್‌ನಲ್ಲಿ ತೆರಿಗೆ, ಅದರ ಮೇಲೆ ಜರ್ಮನಿಯ ವಾಹನ ತಪಾಸಣೆ ಇಷ್ಟೂ ಮುಗಿಯಬೇಕು. ಇದಕ್ಕೆ ಒಂದೆರಡು ತಿಂಗಳ ಅವಧಿ ಇಟ್ಟುಕೊಳ್ಳಿ. ಮೋಟಾರ್‌ಹೋಮ್‌ಗೆ ವಸಂತದಲ್ಲಿ ಸಿಗುವ ಬೆಲೆ ನವೆಂಬರ್‌ನಲ್ಲಿ ಸಿಗುವುದಿಲ್ಲ. ವರ್ಗಾವಣೆ ಚಳಿಗಾಲದಲ್ಲಿ ಬಂದರೆ, ಬೇಸಿಗೆಯಲ್ಲೇ ಮಾರಿ ಉಳಿದ ತಿಂಗಳುಗಳಿಗೆ ಸಜ್ಜಾದ ಸಣ್ಣ ಬಾಡಿಗೆ ಮನೆಗೆ ಹೋಗುವುದು ಲೆಕ್ಕಕ್ಕೆ ಸರಿಹೊಂದುತ್ತದೆ.

ಜಾಗದ ಒಪ್ಪಂದವನ್ನು ಮುಗಿಸುವ ಸೂಚನೆಯನ್ನು ಅದರಲ್ಲಿ ಬರೆದ ಅವಧಿಗೆ ಮುಂಚೆಯೇ ಬರಹದಲ್ಲಿ ಕೊಡಿ. ವರ್ಗಾವಣೆಯ ಆದೇಶ ಬಂದರೆ ಅವಧಿಗೆ ಮೊದಲೇ ಒಪ್ಪಂದ ಕೊನೆಗೊಳಿಸಬಹುದೆಂಬ ವಾಕ್ಯವನ್ನು ಆರಂಭದಲ್ಲೇ ಸೇರಿಸಿದ್ದರೆ ಈಗ ಅದು ಕೆಲಸಕ್ಕೆ ಬರುತ್ತದೆ. ಗಾಡಿ ಕೈಬಿಟ್ಟ ದಿನವೇ ಹಣಕಾಸು ಕಚೇರಿಗೆ ತಿಳಿಸಿ ಒಎಚ್‌ಎ ನಿಲ್ಲಿಸಿ. ನೋಂದಣಿ ಫಲಕಗಳನ್ನು ಹಿಂದಿರುಗಿಸಿದ ರಸೀದಿಯನ್ನು ವಿಮಾ ಕಂಪನಿಗೆ ಕಳಿಸಿದರೆ ಉಳಿದ ಕಂತಿನ ಹಣ ಮರಳುತ್ತದೆ. ಹೊರಡುವ ಮುನ್ನಿನ ಹತ್ತು ದಿನಗಳಿಗೆ ಟಿಎಲ್‌ಎ ಸಾಮಾನ್ಯವಾಗಿ ಮತ್ತೆ ಸಿಗುವುದರಿಂದ, ಗಾಡಿಯನ್ನು ಕೊಂಡವರಿಗೆ ಒಪ್ಪಿಸುವ ದಿನವನ್ನು ಆ ಹತ್ತು ದಿನಗಳ ಆರಂಭಕ್ಕೆ ಹೊಂದಿಸಿಕೊಳ್ಳಿ.